ಆನೆ ಅಗ್ಗಕ್ಕೆ ಸಿಕ್ಕಿತು, ಮೇವು?

ಭಾನುವಾರ ಬೆಳಿಗ್ಗೆ ಕಾಫಿ ಮುಗಿಯುವ ಮೊದಲೇ ಫೋನು ಬಂದರೆ ಅದು ಹಾಸನದಿಂದ, ನನ್ನ ತಂಗಿಯದು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ದಿನ ಅವಳ ದನಿ ಸ್ವಲ್ಪ ಏರಿತ್ತು. "ಅಣ್ಣಾ, ನಿನ್ನ ಅಳಿಯನಿಗೆ ಬುದ್ಧಿ ಹೇಳು. ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷ ಆಗಿಲ್ಲ, ಯಾವುದೋ ಹಳೇ ರೇಸ್ ಕಾರು ಕೊಳ್ತಾನಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಯ್ತು. ನೀನು ಬೇಡ ಅಂದರೆ ಕೇಳ್ತಾನೆ."

ಅರ್ಧ ಗಂಟೆ ಕಳೆಯುವುದರೊಳಗೆ ಅಮೆರಿಕದ ಮಿಷಿಗನ್ನಿನಿಂದ ಅಳಿಯನದೇ ಫೋನು. ಅಲ್ಲಿ ಇನ್ನೂ ಶನಿವಾರ ರಾತ್ರಿ. "ಮಾವ, ಅಮ್ಮ ಮಾತಾಡಿರಬೇಕು. ಆದರೆ ನೀವು ಮೆಕ್ಯಾನಿಕಲ್ ಮೇಷ್ಟ್ರು, ನಿಮಗಾದರೂ ಅರ್ಥ ಆಗುತ್ತೆ. ವಿ10 ಎಂಜಿನ್ ಮಾವ! ಹದಿನೇಳು ಸಾವಿರ ಡಾಲರಿಗೆ!"

ಒಬ್ಬರಿಗೆ ನನ್ನ ಬಾಯಿಂದ 'ಬೇಡ' ಬರಬೇಕು, ಇನ್ನೊಬ್ಬರಿಗೆ 'ಆಗಲಿ' ಬರಬೇಕು. ಮನೆಯ ಹಿರಿಯನಾಗುವ ಕಷ್ಟ ಇದು. ಈ ಅಂಕಣ ಓದುವ ತಂದೆತಾಯಿಗಳಲ್ಲಿ ಹಲವರು ಇಂಥ ಇಕ್ಕಟ್ಟಿನಲ್ಲಿ ಸಿಕ್ಕಿರುತ್ತೀರಿ. ಕಾರಿನ ಬದಲು ಮೋಟಾರ್ ಸೈಕಲ್ಲೋ, ದುಬಾರಿ ಫೋನೋ ಇದ್ದೀತು, ಅಷ್ಟೇ.

ಮೊದಲು ಸತ್ಯ ಒಪ್ಪಿಕೊಳ್ಳುತ್ತೇನೆ. ಕಾರಿನ ಹೆಸರು ಕೇಳಿದಾಗ ನನಗೂ ಒಳಗೊಳಗೇ ಆಸೆಯಾಯಿತು. ಅದು ಬಿ.ಎಂ.ಡಬ್ಲ್ಯು. ಎಂ5, 2008ರದು. ನೋಡಲು ನಾಲ್ಕು ಬಾಗಿಲಿನ ಗಂಭೀರ ಸೆಡಾನ್. ಹಿಂದಿನ ಸೀಟಿನಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ದೇವಸ್ಥಾನಕ್ಕೆ ಹೋಗಬಹುದು. ಬಾನೆಟ್ಟಿನ ಕೆಳಗೆ ಮಾತ್ರ ಹತ್ತು ಸಿಲಿಂಡರುಗಳ, 500ಕ್ಕೂ ಹೆಚ್ಚು ಅಶ್ವಶಕ್ತಿಯ ಎಂಜಿನ್. ಆ ಕಂಪೆನಿ 2000ದಿಂದ 2005ರವರೆಗೆ ವಿಲಿಯಮ್ಸ್ ತಂಡದ ಜತೆ ಫಾರ್ಮುಲಾ ಒನ್ ಪಂದ್ಯಗಳಲ್ಲಿ ವಿ10 ಎಂಜಿನ್ ಓಡಿಸುತ್ತಿತ್ತು. ಆ ಹುಮ್ಮಸ್ಸಿನಲ್ಲೇ 2005ರಲ್ಲಿ ರಸ್ತೆಯ ಕಾರಿಗೂ ಹತ್ತು ಸಿಲಿಂಡರು ಕೊಟ್ಟಿತು. 2010ರ ಹೊತ್ತಿಗೆ ಅದರ ತಯಾರಿಕೆ ಮುಗಿಯಿತು. ಮುಂದಿನ ಎಂ5ಗೆ ಬಂದದ್ದು ಟರ್ಬೋ ಇರುವ ವಿ8.

ವಿದ್ಯಾರ್ಥಿಗಳಿಗೆ ಒಂದು ಸಣ್ಣ ಲೆಕ್ಕ. ಇದರ ಸಿಲಿಂಡರಿನ ಒಳವ್ಯಾಸ 92 ಮಿಲಿಮೀಟರ್, ಪಿಸ್ಟನ್ನು ಚಲಿಸುವ ದೂರ 75.2 ಮಿಲಿಮೀಟರ್. ಒಂದು ಸಿಲಿಂಡರಿನ ಗಾತ್ರ ಕಂಡುಹಿಡಿದು ಹತ್ತರಿಂದ ಗುಣಿಸಿ. 4,999 ಘನ ಸೆಂಟಿಮೀಟರ್ ಬರಬೇಕು. ಎಂಜಿನ್ ನಿಮಿಷಕ್ಕೆ 8,250 ಸುತ್ತು ತಿರುಗಬಲ್ಲದು. ಆಗ ಪ್ರತಿ ಪಿಸ್ಟನ್ನೂ ಸೆಕೆಂಡಿಗೆ ಸರಾಸರಿ 20 ಮೀಟರಿಗೂ ಹೆಚ್ಚು ವೇಗದಲ್ಲಿ ಮೇಲೆ ಕೆಳಗೆ ಓಡಾಡುತ್ತಿರುತ್ತದೆ.

ಈ ಓಡಾಟದಲ್ಲೇ ನಮ್ಮ ಕಥೆಯ ತಿರುಳಿದೆ. ಪಿಸ್ಟನ್ನು ಮೇಲೆ ಹೋಗಿ ನಿಂತು ಮತ್ತೆ ಕೆಳಗಿಳಿಯಬೇಕಾದರೆ ಅದನ್ನು ಯಾರಾದರೂ ಹಿಡಿದೆಳೆಯಬೇಕು. ಎಳೆಯುವುದು ಕನೆಕ್ಟಿಂಗ್ ರಾಡ್. ಸುತ್ತು ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಆ ರಾಡು ಕ್ರ್ಯಾಂಕ್‌ಶಾಫ್ಟನ್ನು ಅಪ್ಪಿಕೊಳ್ಳುವ ಜಾಗದಲ್ಲಿ ಬಳೆಯನ್ನು ಎರಡು ಹೋಳು ಮಾಡಿದಂಥ ತೆಳ್ಳನೆಯ ಬೇರಿಂಗು ಇರುತ್ತದೆ. ಅದರ ಮೇಲ್ಪದರ ಮೆತ್ತನೆಯ ಲೋಹದ್ದು. ಲೋಹಕ್ಕೆ ಲೋಹ ತಾಗದಂತೆ ನಡುವೆ ಆಯಿಲಿನ ಒಂದು ಪೊರೆ. ಆ ಪೊರೆ ಇರುವ ತನಕ ಎಲ್ಲ ಕ್ಷೇಮ.

ಈ ಕಾರಿಗೆ ಹಾಕುವುದು 10ಡಬ್ಲ್ಯು-60 ಎಂಬ ದಪ್ಪ ಆಯಿಲು, ಒಂದು ಸಲಕ್ಕೆ 9 ಲೀಟರಿಗೂ ಹೆಚ್ಚು. ಮಿಷಿಗನ್ನಿನ ಜನವರಿ ಚಳಿಯಲ್ಲಿ ಅದು ಜೇನುತುಪ್ಪದ ಹಾಗಿರುತ್ತದೆ. ಬಿಸಿಯೇರುವ ಮೊದಲೇ ಯಾರಾದರೂ ಉಮೇದಿನಿಂದ ಆಕ್ಸಿಲರೇಟರ್ ಒತ್ತಿದರೆ ಬೇರಿಂಗು ಸವೆಯುತ್ತದೆ. ಈ ಎಂಜಿನ್ನಿನಲ್ಲಿ ರಾಡ್ ಬೇರಿಂಗುಗಳ ಸವೆತ ಹೆಸರುವಾಸಿಯಾದ ದೌರ್ಬಲ್ಯ. ಅದು ಸವೆದು ಹೋದರೆ ಸದ್ದು ಕೇಳುವ ಹೊತ್ತಿಗೆ ಎಂಜಿನ್ನೇ ಹೋಗಿರಬಹುದು. ಥ್ರಾಟಲ್ ತೆರೆಯುವ ಮೋಟಾರುಗಳು, ಏಳು ಗೇರಿನ ಎಸ್.ಎಂ.ಜಿ. ಪೆಟ್ಟಿಗೆಯ ಹೈಡ್ರಾಲಿಕ್ ಪಂಪು, ವಾಲ್ವುಗಳ ಕಾಲವನ್ನು ಹೊಂದಿಸುವ ವ್ಯವಸ್ಥೆಯ ಅಧಿಕ ಒತ್ತಡದ ಆಯಿಲ್ ಪಂಪು, ಇವೂ ವಯಸ್ಸಾದಂತೆ ಕೈಕೊಡುವ ಭಾಗಗಳೇ. ಎಂಜಿನ್ ಕೆಟ್ಟದ್ದಲ್ಲ. ಪಂದ್ಯದ ಕುದುರೆಯ ಕಾಲು ಎತ್ತಿನ ಕಾಲಿನಷ್ಟು ಗಟ್ಟಿ ಇರುವುದಿಲ್ಲ, ಅಷ್ಟೇ.

ಹಾಗಾದರೆ ಹೊಸದಾಗಿದ್ದಾಗ 80 ಸಾವಿರ ಡಾಲರಿಗೂ ಮೇಲಿದ್ದ ಕಾರು ಈಗ ಹದಿನೇಳು ಸಾವಿರಕ್ಕೆ ಏಕೆ ಸಿಗುತ್ತದೆ? ಈ ಪ್ರಶ್ನೆಯನ್ನು ಅಳಿಯನಿಗೇ ಹಾಕಿದೆ. "ಹಳೇದಾಯ್ತಲ್ಲ ಮಾವ" ಎಂದ. ಹಳೆಯದಾಗುವುದು ಕಾರಿನ ಬೆಲೆ ಮಾತ್ರ, ಅದರ ಬಿಡಿಭಾಗಗಳ ಬೆಲೆಯಲ್ಲ ಎಂದೆ. ಕಾರು ಐದನೆಯ ಒಂದು ಭಾಗಕ್ಕೆ ಇಳಿದರೂ ಅದರ ಪಂಪು, ಬ್ರೇಕು, ಟೈರು ಇಂದಿಗೂ 80 ಸಾವಿರದ ಕಾರಿನವೇ. ಹಿಂದಿನ ಒಂದು ಟೈರಿನ ಅಗಲವೇ 285 ಮಿಲಿಮೀಟರ್. ಮುಂದಿನ ರಿಪೇರಿಗಳ ಭಯವನ್ನು ಮಾರುಕಟ್ಟೆ ಮೊದಲೇ ಬೆಲೆಯಿಂದ ಕಳೆದಿರುತ್ತದೆ. ನಾವು ಅದನ್ನು ರಿಯಾಯಿತಿ ಎಂದು ತಿಳಿಯುತ್ತೇವೆ.

"ಸರಿ, ನಿನ್ನ ಲೆಕ್ಕ ಕಳಿಸು" ಎಂದೆ. ಕಳಿಸಿದ. ಐದು ಸಾವಿರ ಕೈಯಿಂದ, ಹನ್ನೆರಡು ಸಾವಿರ ಸಾಲ. ಶೇಕಡಾ 9ರ ಬಡ್ಡಿಯಲ್ಲಿ ನಾಲ್ಕು ವರ್ಷಕ್ಕೆ ತಿಂಗಳಿಗೆ 300 ಡಾಲರ್ ಕಂತು. ಪೆಟ್ರೋಲಿಗೆ 235. ಒಟ್ಟು 535. ಅಲ್ಲಿಗೆ ಲೆಕ್ಕ ಮುಗಿದಿತ್ತು.

ಮೇಷ್ಟ್ರ ಕೆಂಪು ಪೆನ್ನು ಹೊರಬಂತು. ಪೆಟ್ರೋಲಿಗೆ ಅವನು ಹಿಡಿದದ್ದು ಹೆದ್ದಾರಿಯ ಅಂಕಿ, ಗ್ಯಾಲನ್ನಿಗೆ 17 ಮೈಲಿ. ಅಮೆರಿಕ ಸರ್ಕಾರದ ಅಳತೆಯಲ್ಲೇ ಈ ಕಾರು ಊರೊಳಗೆ ಕೊಡುವುದು 11, ಎರಡೂ ಸೇರಿ 13. ಅಂದರೆ ಲೀಟರಿಗೆ ಐದೂವರೆ ಕಿಲೋಮೀಟರ್. ವರ್ಷಕ್ಕೆ 12 ಸಾವಿರ ಮೈಲಿ ಓಡಿಸಿ, ಗ್ಯಾಲನ್ನಿಗೆ 4 ಡಾಲರಿನಂತೆ ಪ್ರೀಮಿಯಂ ಪೆಟ್ರೋಲೇ ಹಾಕಿಸಿದರೆ ತಿಂಗಳಿಗೆ 308. ವಿಮೆ ಎಲ್ಲಿ ಎಂದು ಕೇಳಿದೆ. ವಿಚಾರಿಸಿ ಹೇಳಿದ: 210. ರಿಪೇರಿ ಮತ್ತು ಟೈರಿಗೆಂದು ತಿಂಗಳಿಗೆ 300 ಎತ್ತಿಡಬೇಕೆಂದೆ, ಅದೂ ಕಡಿಮೆಯೇ. ಕೂಡಿಸಿದಾಗ 1,118 ಡಾಲರ್. ಅವನ ಲೆಕ್ಕದ ಎರಡರಷ್ಟಕ್ಕೂ ಮೇಲೆ.

ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆದರೂ ಮಾವ, ಜೀವನದಲ್ಲಿ ಒಂದು ಸಲ..." ಎಂದ. ಆ ಮಾತನ್ನು ನಾನು ಹಗುರ ಮಾಡಲಿಲ್ಲ. ಮಾಡಲೂಬಾರದು. ಮಿಷಿಗನ್ನಿನ ಹೆದ್ದಾರಿಯಲ್ಲಿ ಬಹುತೇಕ ಕಡೆ ಗಂಟೆಗೆ 70 ಮೈಲಿಯ ಮಿತಿಯಿದೆ, 250 ಕಿಲೋಮೀಟರ್ ಓಡುವ ಕಾರು ನಿನಗೇಕೆ ಎಂದು ವಾದ ಹೂಡಬಹುದಿತ್ತು. ಆಸೆಗೆ ಆ ವಾದ ನಾಟುವುದಿಲ್ಲ. ಅದರ ಬದಲು ಮಾರುವವರಿಂದ ಮೂರು ಕಾಗದ ಕೇಳು ಎಂದೆ. ಮೊದಲ ದಿನದಿಂದ ಇಂದಿನವರೆಗಿನ ಸರ್ವಿಸ್ ದಾಖಲೆ. ರಾಡ್ ಬೇರಿಂಗು ಬದಲಾಯಿಸಿದ್ದರೆ ಅದರ ಬಿಲ್ಲು. ಬಳಸಿದ ಆಯಿಲನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಿದ ವರದಿ. ನಮ್ಮ ರಕ್ತ ಪರೀಕ್ಷೆಯ ಹಾಗೆಯೇ ಇದು. ಆಯಿಲಿನಲ್ಲಿ ಬೇರಿಂಗಿನ ಲೋಹ ಎಷ್ಟಿದೆ ಎಂಬುದರಿಂದ ಒಳಗಿನ ಸವೆತ ತಿಳಿಯುತ್ತದೆ. ಇದೆಲ್ಲ ಇದ್ದರೂ, ಮಾರುವವರಿಗೆ ಸಂಬಂಧವಿಲ್ಲದ, ಆ ಕಾರಿನ ಕೆಲಸ ಬಲ್ಲ ಗ್ಯಾರೇಜಿನಲ್ಲಿ ನಿನ್ನ ದುಡ್ಡಿನಲ್ಲಿ ತಪಾಸಣೆ ಮಾಡಿಸು ಎಂದೆ.

ಮೂರರಲ್ಲಿ ಬಂದದ್ದು ಒಂದು, ಅದೂ ಕಳೆದ ಎರಡು ವರ್ಷದ ಸರ್ವಿಸ್ ಚೀಟಿ. ಮಾರುವಾತ ಐದನೆಯ ಮಾಲೀಕ. ಹಿಂದಿನ ನಾಲ್ವರು ಚಳಿಗಾಲದ ಬೆಳಿಗ್ಗೆಗಳಲ್ಲಿ ಹೇಗೆ ಓಡಿಸಿದರೋ ಬಲ್ಲವರಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅವನು ದಾಖಲೆ ಸರಿಯಿರುವ ಇನ್ನೊಂದು ಎಂ5 ಹುಡುಕುತ್ತಿದ್ದ. ಹುಡುಕಲೂ ಆರಂಭಿಸಿದ್ದ. ಆಗ ಮಾತಾಡಿದವರು ನನ್ನ ಭಾವ, ಅಂದರೆ ಹುಡುಗನ ತಂದೆ. ಆ ತನಕ ಅವರು ಈ ವಿಷಯದಲ್ಲಿ ಬಾಯಿ ಬಿಟ್ಟಿರಲಿಲ್ಲ.

ಭಾವನ ಹತ್ತಿರ ಒಂದು ಯೆಜ್ಡಿ ಮೋಟಾರ್ ಸೈಕಲ್ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಲ್ಲಿ ಆರಂಭವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಎಷ್ಟೋ ಮನೆಗಳ ಮುಂದೆ ಅದರ ಗಾಡಿಗಳು ಉಳಿದಿದ್ದವು. ಭಾವ ಪ್ರತಿ ಭಾನುವಾರ ಅದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸುತ್ತಿದ್ದರು. ಅಳಿಯ ಸ್ಪ್ಯಾನರಿನ ನಂಬರು ಕಲಿತದ್ದು ಅಲ್ಲೇ, ಆ ಅಂಗಳದಲ್ಲಿ. ಅವನು ಎಂ.ಎಸ್. ಓದಲು ಹೊರಟಾಗ ಯೆಜ್ಡಿ ಮಾರಿದರು, ಹಾಸನದ ಮನೆಯ ಪತ್ರವನ್ನು ಬ್ಯಾಂಕಿನಲ್ಲಿಟ್ಟರು. ಆ ಸಾಲದಲ್ಲಿ ಇನ್ನೂ ಹದಿನಾಲ್ಕು ಲಕ್ಷ ಬಾಕಿಯಿದೆ. ಹುಡುಗ ಒಂದು ತಿಂಗಳೂ ತಪ್ಪಿಸದೆ ಕಂತು ಕಟ್ಟುತ್ತಿದ್ದಾನೆ, ಅದನ್ನೂ ಹೇಳಬೇಕು.

ಭಾವ ಹೇಳಿದ್ದು ಇಷ್ಟೇ: "ಕಾರಿನ ಆಸೆ ತಪ್ಪಲ್ಲ ಕಣೋ. ನನಗೂ ಇತ್ತು. ಕೊಂಡರೆ ಬೇಜಾರಿಲ್ಲ. ಮೊದಲು ಮನೆ ಪತ್ರ ಮನೆಗೆ ಬರಲಿ."

ಅಂದು ರಾತ್ರಿ ಅಳಿಯ ಮತ್ತೆ ನನಗೆ ಫೋನು ಮಾಡಿದ. ಅವನ ಬಳಿ ಈಗಿರುವುದು ಹಳೆಯ ಟೊಯೊಟಾ ಕೊರೊಲಾ. ತೊಂದರೆ ಕೊಟ್ಟಿಲ್ಲ, ಖುಷಿಯನ್ನೂ ಕೊಟ್ಟಿಲ್ಲ ಎನ್ನುತ್ತಾನೆ. ಅದರ ಖರ್ಚನ್ನು ಕಳೆದರೂ ಎಂ5 ತಿಂಗಳಿಗೆ 900 ಡಾಲರ್ ಹೆಚ್ಚು ಬೇಡುತ್ತದೆ. ಆಗ ನಾನೊಂದು ಉಪಾಯ ಹೇಳಿದೆ. "ಕಾರು ಕೊಂಡೇ ಬಿಟ್ಟೆ ಎಂದು ತಿಳಿ. ಪ್ರತಿ ತಿಂಗಳು ಆ 900 ಡಾಲರನ್ನು ಜೇಬಿನಿಂದ ತೆಗೆದು ಹಾಸನದ ಸಾಲಕ್ಕೆ ಕಟ್ಟು. ಕಟ್ಟಲು ಕಷ್ಟವಾದರೆ ಕಾರನ್ನು ಸಾಕಲೂ ಆಗುತ್ತಿರಲಿಲ್ಲ ಎಂದು ಗೊತ್ತಾಯಿತು. ಸಲೀಸಾಗಿ ಕಟ್ಟಿದೆಯಾದರೆ, ಈಗಿನ ಕಂತೂ ಸೇರಿ ಒಂದೂವರೆ ವರ್ಷದೊಳಗೆ ಸಾಲ ತೀರುತ್ತದೆ. ಆಮೇಲೆ ನೀನು ಕೊಳ್ಳುವ ಕಾರನ್ನು ನೋಡಲು ನಾನೇ ಬರುತ್ತೇನೆ."

ಇದು ಅಮೆರಿಕದ ಮಾತಾಯಿತು, ನಮಗೇನು ಎನ್ನಬೇಡಿ. ಬೆಂಗಳೂರಿನಲ್ಲೂ ಹೊಸ ಸಣ್ಣ ಕಾರಿನ ಬೆಲೆಗೆ ಹತ್ತು ಹನ್ನೆರಡು ವರ್ಷದ ಜರ್ಮನ್ ಸೆಡಾನುಗಳು ಸಿಗುತ್ತವೆ. ಮೊದಲ ಸಂಬಳ ಎಣಿಸಿದ ಮಕ್ಕಳ ಕಣ್ಣು ಅಲ್ಲಿಗೆ ಹೋಗುವುದು ಸಹಜ. ಇಲ್ಲಿ ಇನ್ನೂ ಕೆಲವು ಗಂಟುಗಳಿವೆ. ಬೇರೆ ರಾಜ್ಯದ ನೋಂದಣಿಯ ಕಾರನ್ನು 12 ತಿಂಗಳಿಗೂ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಇಲ್ಲಿಯ ನೋಂದಣಿ ಆಗಲೇಬೇಕು, ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಮೂಲ ಆರ್.ಟಿ.ಓ.ದಿಂದ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ 28 ಇಲ್ಲದೆ ದುಡ್ಡು ಕೊಡಬೇಡಿ. ಹಳೆಯ ಮಾಲೀಕರ ಸಾಲ ಆರ್.ಸಿ.ಯಲ್ಲಿ ನಮೂದಾಗಿದ್ದರೆ ಫಾರಂ 35ರ ಮೂಲಕ ಅದು ತೆಗೆದುಹಾಕಿದೆಯೇ ನೋಡಿ. ಫಾರಂ 29 ಮತ್ತು 30ಕ್ಕೆ ಸಹಿ ಬಿದ್ದರೆ ಸಾಲದು, ಆರ್.ಸಿ.ಯಲ್ಲಿ ಹೆಸರು ಬದಲಾಗುವ ತನಕ ಬೆನ್ನು ಹತ್ತಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷದ್ದು, ಆಮೇಲೆ ತಪಾಸಣೆಯಾಗಿ ನವೀಕರಣವಾಗಬೇಕು ಎಂಬುದೂ ನೆನಪಿರಲಿ.

ತಂದೆತಾಯಿಗಳಿಗೆ ನನ್ನದೊಂದು ಮಾತು. ಮಗ ಅಥವಾ ಮಗಳು ಇಂಥ ಆಸೆ ಹೇಳಿಕೊಂಡಾಗ 'ಬೇಡ' ಎಂದುಬಿಟ್ಟರೆ ಮುಂದಿನ ಸಲ ನಿಮಗೆ ಹೇಳದೆಯೇ ಕೊಳ್ಳುತ್ತಾರೆ. 'ತಿಂಗಳಿಗೆ ಎಷ್ಟಾಗುತ್ತದೆ, ಬರೆದು ತೋರಿಸು' ಎನ್ನಿ. ಬರೆಯುವಾಗ ಅವರೇ ಅರ್ಧ ಉತ್ತರ ಕಂಡುಕೊಳ್ಳುತ್ತಾರೆ. ವಿದ್ಯಾರ್ಥಿಗಳೇ, ನಿಮಗೂ ಅದೇ ಮಾತು. ಕೊಳ್ಳುವ ಬೆಲೆ ಒಂದು ದಿನದ್ದು, ಸಾಕುವ ಬೆಲೆ ದಿನದಿನದ್ದು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ.

ಇದೆಲ್ಲ ನಡೆದು ಏಳು ತಿಂಗಳಾಯಿತು. ಅಳಿಯ ಐದು ತಿಂಗಳು 900 ಡಾಲರನ್ನೂ ಕಟ್ಟಿದ್ದಾನೆ. ಒಂದು ತಿಂಗಳು ಕೊರೊಲಾಕ್ಕೆ ಬ್ರೇಕು ಹಾಕಿಸಿ 600 ಕಟ್ಟಿದ, ಇನ್ನೊಂದು ತಿಂಗಳು ಸ್ನೇಹಿತನ ಮದುವೆಗೆ ಹೋಗಿಬಂದು ಏನನ್ನೂ ಕಟ್ಟಲಿಲ್ಲ. ಅದನ್ನು ಅವನೇ ಹೇಳಿಕೊಂಡು, "ಆ ತಿಂಗಳು ಪಂಪು ಕೆಟ್ಟಿದ್ದರೆ ಏನು ಮಾಡ್ತಿದ್ದೆನೋ ಮಾವ" ಎಂದ. ಎಂ5ನ ಚಿತ್ರ ಅವನ ಕೋಣೆಯ ಗೋಡೆಯ ಮೇಲೆ ಈಗಲೂ ಇದೆಯಂತೆ. ತಂಗಿಗೆ ಅದೂ ಇಷ್ಟವಿಲ್ಲ. ಇರಲಿ ಬಿಡು, ಚಿತ್ರಕ್ಕೆ ಪೆಟ್ರೋಲು ಬೇಡ ಎಂದಿದ್ದೇನೆ.