ಕಂಪ್ಯೂಟರ್ ಪರೀಕ್ಷೆ ಅಳೆಯುತ್ತಿರುವುದು ಏನನ್ನು?

ಮೂರನೇ ತರಗತಿಯಿಂದಲೇ ಕೃತಕ ಬುದ್ಧಿಮತ್ತೆ ಹಾಗೂ ಗಣಕ ಚಿಂತನೆಯನ್ನು 2026-27ನೇ ಸಾಲಿನಿಂದ ಪಠ್ಯಕ್ರಮಕ್ಕೆ ಸೇರಿಸುವುದಾಗಿ ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ನಮ್ಮ ರಾಜ್ಯದ ಸರಕಾರಿ ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಯೋಜನೆಯ ಮೂಲಕ ಕಂಪ್ಯೂಟರ್ ಬಂದು ಎರಡು ದಶಕಗಳೇ ಸಂದಿವೆ. ಯಂತ್ರ ತಲುಪಿತೇ, ವಿದ್ಯುತ್ ಇದೆಯೇ, ಶಿಕ್ಷಕರಿದ್ದಾರೆಯೇ ಎಂಬ ಚರ್ಚೆ ಸಾಕಷ್ಟು ನಡೆದಿದೆ. ಓದು-ಬರಹದಲ್ಲೇ ತೊಡಕುಳ್ಳ ಮಗು ಕಂಪ್ಯೂಟರ್ ವಿಷಯದಲ್ಲಿ ಕಲಿತದ್ದನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಬದಿಗೇ ಉಳಿದಿದೆ.

ಈ ಪ್ರಶ್ನೆಯ ಜಟಿಲತೆ ಅರಿಯಲು ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟು ಉಳಿಯುವ ಐದು ತಾಲ್ಲೂಕುಗಳನ್ನು ನೋಡಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ತರಗತಿಗಳಲ್ಲಿ ಓದಲು ತಡವರಿಸುವ ಮಕ್ಕಳು ಒಂದೇ ಬಗೆಯವರಲ್ಲ. ತಾಂಡಾದ ಮಗುವಿನ ಮನೆಮಾತು ಲಂಬಾಣಿ. ಶಾಲೆಯ ಕನ್ನಡ ಅದಕ್ಕೆ ಎರಡನೆಯ ಭಾಷೆ. ಅಪ್ಪ-ಅಮ್ಮನೊಡನೆ ಗುಳೆ ಹೋಗಿ ಬಂದ ಮಗುವಿಗೆ ಪಾಠಗಳೇ ತಪ್ಪಿಹೋಗಿರುತ್ತವೆ. ಮೂರನೆಯ ಮಗು ದಿನವೂ ಶಾಲೆಗೆ ಬರುತ್ತದೆ, ಮಾತಿನಲ್ಲಿ ಚುರುಕು, ಆದರೂ ಅಕ್ಷರ ಹಿಡಿತಕ್ಕೆ ಸಿಗದು. ಕಾನೂನು ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎನ್ನುವುದು ಈ ಮೂರನೆಯದನ್ನು. ಉತ್ತರಪತ್ರಿಕೆಯಲ್ಲಿ ಮಾತ್ರ ಮೂವರೂ ಒಂದೇ, ಮೂವರದೂ ಅರ್ಧ ಖಾಲಿ.

1995ರ ಅಂಗವಿಕಲರ ಕಾಯ್ದೆಯಲ್ಲಿ ಈ ನ್ಯೂನತೆಗೆ ಸ್ಥಾನವೇ ಇರಲಿಲ್ಲ. 2016ರ ಕಾಯ್ದೆ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿದಾಗ ಇದೂ ಸೇರಿತು. ಆದರೆ ಸೌಲಭ್ಯಕ್ಕೆ ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ತಜ್ಞರ ತಪಾಸಣೆ ಬೇಕು, ತಪಾಸಣೆಗೆ ಜಿಲ್ಲಾ ಕೇಂದ್ರದ ಕಡೆ ಮುಖ ಮಾಡಬೇಕು. ಹರಪನಹಳ್ಳಿಯವರಿಗಂತೂ ಆ ಕೇಂದ್ರವೇ ಸ್ಥಿರವಾಗಿಲ್ಲ: 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ಹೊಸಪೇಟೆ. ದಿನಗೂಲಿ ಬಿಟ್ಟು ಮಗುವನ್ನು ಕರೆದುಕೊಂಡು ಅಲೆಯುವ ಪೋಷಕರೆಷ್ಟು ಮಂದಿ?

ಸೌಲಭ್ಯ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. 2018ರ ಆಗಸ್ಟ್‌ನಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಮತ್ತು ಬರಹಗಾರನ ನೆರವು ಲಭ್ಯವಾಯಿತು. ಅಭ್ಯರ್ಥಿಯೇ ಬರಹಗಾರನನ್ನು ಕರೆತಂದರೆ ಆತನ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂದು ಆ ಮಾರ್ಗಸೂಚಿ ಹೇಳಿತ್ತು. ಸಮಾಜ ವಿಜ್ಞಾನದ ಪತ್ರಿಕೆಗೆ ಇದು ಸರಿಯೇ. ಪಿಯು ಗಣಕ ವಿಜ್ಞಾನದಲ್ಲಿ ಪ್ರೋಗ್ರಾಂ ಬರೆಸುವಾಗ ಏನಾಗುತ್ತದೆ? ಪ್ರೋಗ್ರಾಂ ಎಂದರೇನೆಂದೇ ಅರಿಯದ ಹುಡುಗನಿಗೆ ಆವರಣ, ಅರ್ಧವಿರಾಮ, ಸಾಲಿನ ಜಾಗವನ್ನೆಲ್ಲ ಬಾಯಲ್ಲಿ ಹೇಳಿ ಬರೆಸಬೇಕು. ಒಂದು ಚಿಹ್ನೆ ತಪ್ಪಿದರೆ ಅಂಕ ಹೋಯಿತು. ಆ ತಪ್ಪು ಹೇಳಿದವನದೋ ಬರೆದವನದೋ ಎಂಬುದು ಮೌಲ್ಯಮಾಪಕನಿಗೆ ಗೊತ್ತಾಗುವಂತಿಲ್ಲ. ಅದೇ ವಿದ್ಯಾರ್ಥಿಯನ್ನು ಯಂತ್ರದ ಮುಂದೆ ಕೂರಿಸಿದರೆ ತಪ್ಪಿದ ಸಾಲನ್ನು ಯಂತ್ರವೇ ತೋರಿಸುತ್ತದೆ, ಆತ ತಿದ್ದಿಕೊಳ್ಳುತ್ತಾನೆ. ಅಂಕಗಳಲ್ಲಿ 70 ಬರಹಕ್ಕೆ, 30 ಪ್ರಾಯೋಗಿಕಕ್ಕೆ. ಕಂಪ್ಯೂಟರ್ ವಿಷಯಕ್ಕೆ ಈ ಅನುಪಾತ ತಲೆಕೆಳಗಾದುದು ಎನ್ನದೆ ವಿಧಿಯಿಲ್ಲ.

ಕನ್ನಡದ ಲಿಪಿಯ ಮಾತು ಬೇರೆಯೇ ಇದೆ. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಅಕ್ಷರಗಳ ಮೇಲೆ ಹಿಡಿತ ಬರಲು ಸಾಮಾನ್ಯ ಮಕ್ಕಳಿಗೂ ನಾಲ್ಕನೇ ತರಗತಿವರೆಗೆ ಕಾಲ ಹಿಡಿಯುತ್ತದೆಂದು ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿತ್ತು. ಹೀಗಿರುವಾಗ ಮೂರನೇ ತರಗತಿಯ ‘ಗಣಕ ಚಿಂತನೆ’ಯನ್ನು ಬರಹದ ಪರೀಕ್ಷೆಯಿಂದ ಅಳೆದರೆ ಸಿಗುವುದು ಒತ್ತಕ್ಷರದ ಲೆಕ್ಕವೇ ಹೊರತು ಚಿಂತನೆಯ ಲೆಕ್ಕವಲ್ಲ.

ಪರ್ಯಾಯಗಳಿಲ್ಲವೆಂದಲ್ಲ. 2004ರಲ್ಲಿ ಲಿಥುವೇನಿಯಾದಲ್ಲಿ ಆರಂಭವಾದ ‘ಬೆಬ್ರಾಸ್’ ಸ್ಪರ್ಧೆ ಚಿತ್ರ, ಒಗಟುಗಳಿಂದಲೇ ತರ್ಕವನ್ನು ಪರೀಕ್ಷಿಸುತ್ತದೆ. ಪಾರ್ಸನ್ಸ್ ಮತ್ತು ಹೇಡನ್ ಎಂಬ ಅಧ್ಯಾಪಕಿಯರು 2006ರಲ್ಲಿ ಇನ್ನೊಂದು ದಾರಿ ತೋರಿದರು: ಪ್ರೋಗ್ರಾಮಿನ ಸಾಲುಗಳನ್ನು ಕಲಸಿ ಕೊಡುವುದು, ವಿದ್ಯಾರ್ಥಿ ಕ್ರಮವಾಗಿ ಜೋಡಿಸುವುದು. ಕೊಟ್ಟೂರಿನ ಮಾರುಕಟ್ಟೆಗೆ ಬಂದ ಮೆಕ್ಕೆಜೋಳದ ಚೀಲಗಳ ಸರಾಸರಿ ತೂಕ ತೆಗೆಯುವ ಪ್ರೋಗ್ರಾಮನ್ನು ಎಂಟು ಚೀಟಿಗಳಲ್ಲಿ ಬರೆದುಕೊಡಿ. ತೂಕ ಕೂಡಿಸುವ ಸಾಲು ಆವರ್ತನದ ಒಳಗೋ ಹೊರಗೋ ಎಂದು ಮಗು ಎಲ್ಲಿಡುತ್ತದೆಂಬುದೇ ಅದಕ್ಕೆ ತಿಳಿದಿದೆಯೇ ಇಲ್ಲವೇ ಎಂಬುದನ್ನು ಹೇಳಿಬಿಡುತ್ತದೆ. ಚೀಟಿಯನ್ನೂ ಓದಲೇಬೇಕಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಶಿಕ್ಷಕರು ಗಟ್ಟಿಯಾಗಿ ಓದಿ ಹೇಳಿದರೆ ಉತ್ತರ ಬಯಲಾಗುವುದಿಲ್ಲ ಎಂಬುದು ಈ ವಿಧಾನದ ಅನುಕೂಲ.

ಮೌಖಿಕ, ಪ್ರಾಯೋಗಿಕ ಪರೀಕ್ಷೆಗಳೆಂದರೆ ಪುಕ್ಕಟೆ ಅಂಕ ಎಂಬ ಸಂಶಯ ನಿರಾಧಾರವೇನಲ್ಲ. ಆದರೆ ಕಂಪ್ಯೂಟರ್‌ನಲ್ಲಿ ಮಾಡಿದ ಕೆಲಸ ಕಡತವಾಗಿ ಉಳಿಯುತ್ತದೆ. ಬೇಕೆಂದಾಗ ಮೂರನೆಯವರು ತೆರೆದು ನೋಡಬಹುದು. ಬೇರೆ ವಿಷಯಗಳಿಗೆ ಈ ಸವಲತ್ತಿಲ್ಲ.

ನ್ಯೂನತೆ ಶೇ. 40 ಮುಟ್ಟದವರಿಗೂ ಬರಹಗಾರನ ನೆರವು ನಿರಾಕರಿಸುವಂತಿಲ್ಲವೆಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಹೇಳಿತು. ಮರುವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಅದಕ್ಕೆ ಮಾರ್ಗಸೂಚಿಯನ್ನೂ ರೂಪಿಸಿತು. ಶಾಲಾ ಹಂತದಲ್ಲಿ ಇನ್ನೂ ಸುಲಭ. ರೂಪಣಾತ್ಮಕ ಮೌಲ್ಯಮಾಪನ ಶಿಕ್ಷಕರ ಕೈಯಲ್ಲೇ ಇದೆ. ಚೀಟಿ ಜೋಡಿಸಿ ತೋರಿಸು ಎನ್ನಲು ಯಾವ ಪ್ರಮಾಣಪತ್ರವೂ ಬೇಡ. ತಾಂಡಾದ ಮಗುವಿಗೂ ಗುಳೆಯಿಂದ ಮರಳಿದ ಮಗುವಿಗೂ ಅದೇ ಪರೀಕ್ಷೆ ಸಾಕು. ಶಿಕ್ಷಣ ಇಲಾಖೆ ಈ ಐದು ತಾಲ್ಲೂಕುಗಳ ಕೆಲವು ಪ್ರೌಢಶಾಲೆಗಳಲ್ಲಿ ಒಂದು ವರ್ಷ ಇದನ್ನು ನಡೆಸಿ, ಬರಹದ ಅಂಕ ಮತ್ತು ಜೋಡಣೆಯ ಅಂಕಗಳ ನಡುವಿನ ಅಂತರವನ್ನು ಪ್ರಕಟಿಸಲಿ.