ಮೂರು ಬೀಗದ ಪೆಟ್ಟಿಗೆ

ಸ್ಕಾಟ್ಲೆಂಡಿನ ರತ್‌ವೆಲ್ ಎಂಬ ಹಳ್ಳಿಯ ಪಾದ್ರಿ ಹೆನ್ರಿ ಡಂಕನ್, 1810ರಲ್ಲಿ ತನ್ನ ಸಭೆಯ ಬಡವರಿಗಾಗಿ ಉಳಿತಾಯದ ಬ್ಯಾಂಕೊಂದನ್ನು ತೆರೆದನು. ಪಾದ್ರಿಗೆ ಬ್ಯಾಂಕಿನ ಗೊಡವೆಯೇಕೆಂದು ವಾಚಕರು ಕೇಳಬಹುದು. ಯೌವನದಲ್ಲಿ ಆತನು ಲಿವರ್‌ಪೂಲಿನ ಬ್ಯಾಂಕೊಂದರಲ್ಲಿ ದುಡಿದಿದ್ದವನು. ಲೆಕ್ಕದ ಪುಸ್ತಕವನ್ನು ಬಿಟ್ಟು ಸತ್ಯವೇದವನ್ನು ಕೈಗೆತ್ತಿಕೊಂಡವನು. ಹತ್ತು ಪೌಂಡಿಗೆ ಕಡಿಮೆಯಾದ ಹಣವನ್ನು ಅಂದಿನ ಬ್ಯಾಂಕುಗಳು ಮುಟ್ಟುತ್ತಿರಲಿಲ್ಲ. ಡಂಕನ್ ಆರು ಪೆನ್ನಿಗಳನ್ನು ತಂದ ಕೂಲಿಯವನಿಗೂ ಬಾಗಿಲು ತೆರೆದನು. ಮೊದಲ ವರ್ಷ ಕೂಡಿದ್ದು 151 ಪೌಂಡು. ಹಣದ ಪೆಟ್ಟಿಗೆಗೆ ಮೂರು ಬೀಗಗಳಿದ್ದವು. ನಮ್ಮ ಮನೆಗಳ ಮಕ್ಕಳ ಹುಂಡಿಗೆ ಒಂದು ಬೀಗವೂ ಇರುವುದಿಲ್ಲ. ತಿಂಗಳ ಕೊನೆಯ ವಾರದಲ್ಲಿ ಅದಕ್ಕೆ ಕೈಹಾಕುವವರು ಸಾಮಾನ್ಯವಾಗಿ ಹಿರಿಯರೇ!

ಭಾನುವಾರದ ಶಾಲೆಗೆ ಹೋಗುವ ಚುರುಕು ಹುಡುಗನಿಗೆ ಉಳಿತಾಯದ ವಿಷಯದಲ್ಲಿ ಒಂದು ತೊಡಕು ಉಂಟಾಗುವುದು ಸಹಜ. ಜ್ಞಾನೋಕ್ತಿಗಳ ಗ್ರಂಥವು ಸುಗ್ಗಿಯಲ್ಲಿ ಕೂಡಿಡುವ ಇರುವೆಯನ್ನು ಹೊಗಳುತ್ತದೆ. ಸಾಲಗಾರನು ಸಾಲ ಕೊಟ್ಟವನಿಗೆ ಆಳಾಗುವನೆಂದು ಎಚ್ಚರಿಸುತ್ತದೆ. ಆದರೆ ಕಣಜಗಳನ್ನು ಕೆಡವಿ ಇನ್ನೂ ದೊಡ್ಡ ಕಣಜಗಳನ್ನು ಕಟ್ಟಿಸಲೆಳಸಿ, ಅದೇ ರಾತ್ರಿ ತೀರಿಹೋಗುವ ಸಿರಿವಂತನನ್ನು ಬುದ್ಧಿಹೀನನೆಂದು ಏಸುವಿನ ಸಾಮತಿ ಹೇಳುತ್ತದೆ. ಕೂಡಿಟ್ಟದ್ದು ಇಬ್ಬರೂ ಅಲ್ಲವೆ? ಒಬ್ಬರಿಗೇಕೆ ಹೊಗಳಿಕೆ, ಮತ್ತೊಬ್ಬನಿಗೇಕೆ ತೆಗಳಿಕೆ? ಈ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸಬಾರದು. ಸಿರಿವಂತನ ಕಣಜದಲ್ಲಿ ಅವನ ಹೊರತು ಮತ್ತಾರಿಗೂ ಎಡೆಯಿರಲಿಲ್ಲ. ಹದಿನೆಂಟನೆಯ ಶತಮಾನದ ಜಾನ್ ವೆಸ್ಲಿ ಹಣದ ಬಳಕೆಯನ್ನು ಕುರಿತ ತನ್ನ ಉಪದೇಶದಲ್ಲಿ ಗಳಿಕೆ, ಉಳಿಕೆಗಳ ಬಳಿಕ ನೀಡಿಕೆಯನ್ನಿರಿಸಿದ್ದಾನೆ. ಆ ಮೂರನೆಯದನ್ನು ಬಿಟ್ಟರೆ ಮೊದಲೆರಡರಿಂದ ಫಲವಿಲ್ಲವೆಂಬುದು ಆತನ ಮತ. ಆದುದರಿಂದಲೇ ಅನೇಕ ಕ್ರೈಸ್ತ ಮನೆಗಳಲ್ಲಿ ಮಗುವಿಗೆ ಮೂರು ಡಬ್ಬಿಗಳನ್ನು ಕೊಡುವ ವಾಡಿಕೆ: ಖರ್ಚಿಗೊಂದು, ಉಳಿತಾಯಕ್ಕೊಂದು, ಕಾಣಿಕೆಗೊಂದು.

ಹುಡುಗನಿಗೆ ಕ್ರಿಕೆಟ್ ಬ್ಯಾಟೊಂದು ಬೇಕೆನ್ನೋಣ. ತಂದೆ ಇಂದೇ ಕೊಡಿಸಿ, ಮುಂದಿನ ನಾಲ್ಕು ತಿಂಗಳ ಕೈಖರ್ಚಿನಲ್ಲಿ ಹಿಡಿದುಕೊಳ್ಳುವೆನೆಂದರೆ, ಅರಿಯದೆಯೇ ಸಾಲದ ಮೊದಲ ಪಾಠವನ್ನು ಕಲಿಸಿದಂತೆ. ಬ್ಯಾಟಿನ ಹೊಸತನ ಎರಡು ವಾರಕ್ಕೆ ಮಾಸುವುದು, ಕಂತು ಮಾತ್ರ ಉಳಿಯುವುದು. ಡಬ್ಬಿಯಲ್ಲಿ ಕೂಡಿಟ್ಟು ಕಾಯುವ ಹುಡುಗನಿಗಾದರೋ ತನ್ನ ಆಸೆಯನ್ನು ತೂಗಿನೋಡುವ ಕಾಲಾವಕಾಶ ದೊರೆಯುತ್ತದೆ. ಅರ್ಧದಾರಿಯಲ್ಲಿ ಬ್ಯಾಟು ಬೇಡವಾದರೂ ಆಗಬಹುದು; ಹಣ ಎಲ್ಲಿಗೂ ಹೋಗಲಿಲ್ಲವಷ್ಟೆ. ಇಂದು ಅಂಗಡಿಯಲ್ಲಿ ಫೋನನ್ನು ತೋರಿಸಿದರೆ ಸಾಮಾನು ಬರುತ್ತದೆ, ಹೋದ ಹಣ ಮಗುವಿನ ಕಣ್ಣಿಗೆ ಬೀಳುವುದೇ ಇಲ್ಲ. ಆದಕಾರಣ ಡಬ್ಬಿಯಲ್ಲಿ ನಾಣ್ಯಗಳ ಸದ್ದಾಗುವುದು ಲೇಸು.

ಆದರೆ ಸಾಲದ ಕೆಡುಕನ್ನು ಕಲಿಸುವ ಭರದಲ್ಲಿ ಸಾಲಗಾರನನ್ನು ಹೀನಾಯವಾಗಿ ಕಾಣುವ ಬುದ್ಧಿಯನ್ನು ಮಕ್ಕಳಲ್ಲಿ ಬಿತ್ತಿಬಿಡುವುದುಂಟು. ಇದು ನನಗೆ ಹೆಚ್ಚು ಭಯಂಕರವಾಗಿ ಕಾಣುತ್ತದೆ. ಪಕ್ಕದ ಬೆಂಚಿನ ಗೆಳೆಯನ ತಾಯಿ, ಗಂಡನ ಔಷಧಿಗಾಗಿ ಬಳೆಗಳನ್ನು ಅಡವಿಟ್ಟಿರಬಹುದು. ಆಕೆಗೆ ಮಿತವ್ಯಯದ ಪಾಠ ಹೇಳುವವರು ಯಾರು? ಮೋಶೆಯ ಧರ್ಮಶಾಸ್ತ್ರವು ಬಡವನಿಗೆ ಬಡ್ಡಿಯಿಲ್ಲದೆ ಸಾಲ ಕೊಡಬೇಕೆಂದು ವಿಧಿಸುತ್ತದೆ. ಏಳನೆಯ ವರ್ಷ ಸಾಲವನ್ನು ಬಿಟ್ಟುಬಿಡಬೇಕೆನ್ನುತ್ತದೆ. ಒತ್ತೆಯಿಟ್ಟ ಬಡವನ ಹೊದಿಕೆಯನ್ನು ಹೊತ್ತು ಮುಳುಗುವ ಮುನ್ನ ಹಿಂದಿರುಗಿಸಬೇಕು, ಏಕೆಂದರೆ ರಾತ್ರಿ ಅವನಿಗೆ ಹೊದೆಯಲು ಬೇರೇನೂ ಇಲ್ಲ. ಇಲ್ಲಿ ಗದರಿಕೆಯೆಲ್ಲವೂ ಕೊಟ್ಟವನಿಗೆ, ಪಡೆದವನಿಗಲ್ಲ. ಉಳಿತಾಯದ ಡಬ್ಬಿಯ ಪಕ್ಕದಲ್ಲಿಯೇ ಕಾಣಿಕೆಯ ಡಬ್ಬಿಯಿರುವುದು ಹುಡುಗನಿಗೆ ಇದನ್ನು ನೆನಪಿಸುವುದಕ್ಕೂ ಆದೀತು.

ಡಬ್ಬಿ ತುಂಬಿದ ಮೇಲೆ ಅಂಚೆಕಚೇರಿಯಿದೆ. ನಮ್ಮ ದೇಶದಲ್ಲಿ ಅಂಚೆಯ ಉಳಿತಾಯ ಬ್ಯಾಂಕು ಆರಂಭವಾದುದು 1882ರಲ್ಲಿ. ಹತ್ತು ವರ್ಷ ತುಂಬಿದ ಮಗು ಅಲ್ಲಿ ತನ್ನ ಖಾತೆಯನ್ನು ತಾನೇ ನಡೆಸಬಹುದು. ರುಜುವನ್ನು ಮಗುವೇ ಮಾಡಲಿ, ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ.

ಇನ್ನು ತಿಂಗಳ ಕೊನೆಯಲ್ಲಿ ಹಾಲಿನವನಿಗೆ ಕೊಡಲು ಚಿಲ್ಲರೆ ಸಾಲದೆ ಆ ಹುಂಡಿಯನ್ನೇ ಅಲುಗಿಸಬೇಕಾಗಿ ಬಂದ ತಾಯಿತಂದೆಯರಿಗೆ ಒಂದು ಮಾತು. ಮಗುವನ್ನು ಕೇಳಿ ತೆಗೆದುಕೊಳ್ಳಿರಿ. ಎಷ್ಟು ತೆಗೆದಿರೆಂದು, ಯಾವ ತಾರೀಖಿಗೆ ಹಿಂದಿರುಗಿಸುವಿರೆಂದು ಚೀಟಿ ಬರೆದು ಒಳಗೆ ಹಾಕಿರಿ. ಆ ದಿನ ಹಣವನ್ನು ಮಗುವಿನ ಕೈಗೇ ಕೊಡಿರಿ. ಅದು ಎಣಿಸಿಕೊಳ್ಳಲಿ.