ಕಡಿದಲ್ಲಿಂದಲೇ ಮುಂದುವರಿಯಲಿ ಡೌನ್‌ಲೋಡ್

ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ಕೈಕೊಡುವ ಊರು ನಮ್ಮದು, ಸಿದ್ದಾಪುರದ ಕಡೆ. ಪಿಯುಸಿ ಓದುವ ನನ್ನ ತಂಗಿಯ ಮಗಳು ಮೊನ್ನೆ ಪಾಠದ ವಿಡಿಯೊ ಇಳಿಸಿಕೊಳ್ಳುತ್ತಿದ್ದಳು. ಒಂದು ಜಿಬಿಯಲ್ಲಿ ಮುಕ್ಕಾಲು ಪಾಲು ಬಂದಾಗ ಸಿಗ್ನಲ್ ಹೋಯಿತು. ಮತ್ತೆ ಬಂದಾಗ ಆ್ಯಪ್ ಸೊನ್ನೆಯಿಂದ ಶುರು ಮಾಡಿತು. ಎರಡನೇ ಸಲವೂ ಮುಕ್ಕಾಲಿಗೆ ಬರುವಷ್ಟರಲ್ಲಿ ದಿನದ ಒಂದೂವರೆ ಜಿಬಿ ಪ್ಯಾಕ್ ಖಾಲಿ. ‘ನಮ್ಮೂರ ನೆಟ್‌ವರ್ಕೇ ಇಷ್ಟು, ದೊಡ್ಡಮ್ಮ’ ಎಂದಳು.

ನೆಟ್‌ವರ್ಕಿನ ಮೇಲೆ ಗೂಬೆ ಕೂರಿಸುವುದನ್ನು ನಾನು ಒಪ್ಪಲಾರೆ. ಇಂಥ ತಂತ್ರಾಂಶ ಬರೆಯುವುದೇ ನನ್ನ ಕಸುಬು. ಸಂಪರ್ಕ ಕಡಿಯುವುದು ಸಹಜ. ಕಡಿದಲ್ಲಿಂದ ಮುಂದುವರಿಸುವುದು ತಂತ್ರಾಂಶದ ಕೆಲಸ. ವೆಬ್‌ನಲ್ಲಿ ಫೈಲ್ ಕೇಳುವ, ಕೊಡುವ ರೀತಿಯನ್ನು ಹೇಳುವ, 1997ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಾವಳಿಯಲ್ಲೇ ಇದಕ್ಕೆ ದಾರಿಯಿದೆ. ಫೋನಿನಲ್ಲಿ 78,64,32,000 ಬೈಟ್ ಆಗಲೇ ಉಳಿದಿದ್ದರೆ, ಅಲ್ಲಿಂದ ಮುಂದಿನದನ್ನಷ್ಟೇ ಕೊಡು ಎಂದು ‘ರೇಂಜ್’ ಹೆಡರ್‌ನಲ್ಲಿ ಕೇಳಬೇಕು. ಸರ್ವರ್ ಒಪ್ಪಿದರೆ 206 ಎಂಬ ಉತ್ತರ ಬರುತ್ತದೆ. 200 ಬಂದರೆ ಎಚ್ಚರ: ಅದು ಇಡೀ ಫೈಲನ್ನು ಮೊದಲಿಂದ ಕಳಿಸುತ್ತಿದೆ. ಹಳೆಯ ತುಂಡಿನ ಬಾಲಕ್ಕೆ ಅದನ್ನು ಅಂಟಿಸಿದರೆ ಫೈಲ್ ಕೆಟ್ಟಿತು. ನಡುವೆ ಸರ್ವರ್‌ನಲ್ಲಿ ಫೈಲೇ ಬದಲಾಗಿದ್ದರೆ? ಅದನ್ನು ಹಿಡಿಯಲು ಫೈಲಿನ ಆವೃತ್ತಿಯ ಗುರುತಾದ ‘ಇಟ್ಯಾಗ್’ ಇದೆ, ಆ ಗುರುತು ಬದಲಾಗಿಲ್ಲದಿದ್ದರಷ್ಟೇ ಉಳಿದ ತುಂಡು ಕೊಡು ಎನ್ನುವ ‘ಇಫ್-ರೇಂಜ್’ ಇದೆ.

ಆದರೆ ಮುಂದುವರಿಸಲು ಮೊದಲು ಬಂದದ್ದು ಉಳಿದಿರಬೇಕಲ್ಲ! ಎಷ್ಟೋ ಆ್ಯಪ್‌ಗಳು ಇಡೀ ಫೈಲನ್ನು ರ್‍ಯಾಮ್‌ನಲ್ಲಿ ತುಂಬಿಸಿಕೊಂಡು ಕೊನೆಗೆ ಒಮ್ಮೆಲೇ ಬರೆಯುತ್ತವೆ. ಕಡಿಮೆ ಬೆಲೆಯ ಫೋನಿನಲ್ಲಿ ಜಾಗ ಸಾಲದೆ ಆ್ಯಪೇ ಮುಚ್ಚಿಹೋಗುತ್ತದೆ, ಬಂದದ್ದೆಲ್ಲ ಹೋಯಿತು. ಅದರ ಬದಲು 64 ಕೆಬಿ ಓದು, ಸ್ಟೋರೇಜಿಗೆ ಬರೆ, ಮುಂದಿನ 64 ಕೆಬಿ ಓದು. ಹೀಗೆ ಮಾಡಿದರೆ ಫೈಲ್ ಹತ್ತು ಎಂಬಿ ಇರಲಿ, ಹತ್ತು ಜಿಬಿ ಇರಲಿ, ರ್‍ಯಾಮ್ ಖರ್ಚು ಅಷ್ಟೇ. ಪೈಥಾನ್‌ನ ‘ರಿಕ್ವೆಸ್ಟ್ಸ್’ ಲೈಬ್ರರಿಯಲ್ಲಿ ‘ಸ್ಟ್ರೀಮ್’ ಎಂದು ಹೇಳಿ ತುಂಡುತುಂಡಾಗಿ ಓದಿದರಾಯಿತು. ಹೇಳದಿದ್ದರೆ ಅದು ಪೂರ್ತಿ ಎಳೆದುಕೊಳ್ಳುತ್ತದೆ.

ಆಫೀಸಿನ ವೈಫೈಯಲ್ಲಿ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ನನ್ನ ಒತ್ತಾಯ: ಮಕ್ಕಳ ಕಲಿಕೆಗೆಂದು ಸರ್ಕಾರ ಆ್ಯಪ್ ಮಾಡಿಸುವಾಗ ಟೆಂಡರ್‌ನಲ್ಲೇ ಒಂದು ಪರೀಕ್ಷೆ ಬರೆಯಲಿ. ಡೌನ್‌ಲೋಡ್ ಅರ್ಧವಾದಾಗ ಸಿಮ್ ತೆಗೆಯಬೇಕು, ಫೋನ್ ಆಫ್ ಮಾಡಿ ಆನ್ ಮಾಡಬೇಕು. ಬಂದಿದ್ದ ಅರ್ಧವನ್ನು ಮತ್ತೆ ಕೇಳುವ ಆ್ಯಪ್‌ಗೆ ಬಿಲ್ ಪಾಸಾಗಬಾರದು.